ಗಾಜು ಏರಿಸಿದ ಕಾರಿನಲ್ಲಿ ಬಂಡಾಯದ ಹಾಡು

ಡಿಸೆಂಬರಿನ ಒಂದು ಶುಕ್ರವಾರದ ಸಂಜೆ ಉಮ್ಮ್ ಸಲಾಲ್ ಮೊಹಮ್ಮದಿನಲ್ಲಿ, ಬರ್ಜಾನ್ ಗೋಪುರಗಳು ಕಾಣುವ ಹಾಗೆ ಕಾರು ನಿಲ್ಲಿಸಿಕೊಂಡು ಕೂತಿದ್ದೆವು. ನಾನು, ನನ್ನ ತಮ್ಮನ ಮಗಳು. ಅವಳು ಹುಟ್ಟಿ ಬೆಳೆದದ್ದು ಕತಾರಿನಲ್ಲೇ. ಈಗ ಬೆಂಗಳೂರಿನಲ್ಲಿ ಓದುತ್ತಾಳೆ, ರಜೆಗೆ ಬಂದಿದ್ದಾಳೆ. ಅಲ್ಲಿ ಮೂರು ಜನ ಸೇರಿಕೊಂಡು ಒಂದು ಪಂಕ್ ಬ್ಯಾಂಡ್ ಕಟ್ಟಿದ್ದಾರಂತೆ, ಇವಳದು ಬೇಸ್ ಗಿಟಾರು. ಕೆಫೆಟೇರಿಯದ ಮುಂದೆ ಹಾರ್ನ್ ಹೊಡೆದು ತರಿಸಿಕೊಂಡ ಕರಕ್ ಚಹಾ ಕೈಯಲ್ಲಿತ್ತು. ಅರ್ಧ ಗಂಟೆಯಿಂದ ಅವಳ ಫೋನಿನ ಇಂಗ್ಲಿಷ್ ಕಿರುಚಾಟ ಕಾರಿನ ತುಂಬ. ಇದ್ದಕ್ಕಿದ್ದಂತೆ ಕನ್ನಡ ಬಂತು, ದಲಿತ ಕವಿ ಸಿದ್ದಲಿಂಗಯ್ಯನವರ ಹಾಡು. ಮೊದಲ ಸಾಲು ಮುಗಿಯುವಷ್ಟರಲ್ಲಿ ನನ್ನ ಬೆರಳು ಬಾಗಿಲ ಗುಂಡಿ ಒತ್ತಿಯಾಗಿತ್ತು.

ಅವಳು: ದೊಡ್ಡಪ್ಪ, ಗಾಜು ಯಾಕೆ ಏರಿಸಿದ್ರಿ?

ನಾನು: ಧೂಳು.

ಅವಳು: ಗಾಳೀನೇ ಇಲ್ಲ. ಇಷ್ಟು ಹೊತ್ತು ಇಂಗ್ಲಿಷಲ್ಲಿ ಬಾಯಿಗೆ ಬಂದಂಗೆ ಬೈತಿದ್ರು, ಆಗ ಇಳಿದೇ ಇತ್ತು. ಸಿದ್ದಲಿಂಗಯ್ಯ ಬಂದ ತಕ್ಷಣ ಏರ್ತು.

ನಾನು: ಇದನ್ನ ನಿನಗೆ ಯಾರು ಕೊಟ್ಟದ್ದು?

ಅವಳು: ಯಾರು ಕೊಡ್ತಾರೆ? ಯೂಟ್ಯೂಬಲ್ಲಿ ಬಿದ್ದಿರುತ್ತೆ. ಅಪ್ಪನ್ನ ಕೇಳಿದ್ರೆ, ‘ನಿಮ್ ದೊಡ್ಡಪ್ಪನ್ನೇ ಕೇಳು, ಕಾಲೇಜಿಗೆ ಚಕ್ಕರ್ ಹಾಕಿ ಅದನ್ನೇ ಹಾಡ್ಕೊಂಡು ಊರೂರು ತಿರುಗ್ತಿದ್ದ’ ಅಂದ್ರು. ಅದಕ್ಕೇ ಇವತ್ತು ನಿಮ್ಮನ್ನ ಹಿಡ್ಕೊಂಡು ಬಂದಿದ್ದು. ನಮ್ಮ ಬ್ಯಾಂಡಲ್ಲಿ ಇದನ್ನ ಮಾಡೋಣ ಅಂತ ಒಬ್ಬ ಹಟ ಹಿಡಿದಿದ್ದಾನೆ. ನನಗೆ ಮನಸ್ಸಿಲ್ಲ.

ನಾನು: ಯಾಕೆ?

ಅವಳು: ಬೈಕೋಬೇಡಿ. ಕೇಳಿದ್ರೆ ಏನೂ ಆಗಲ್ಲ ನನಗೆ. ಕೀಬೋರ್ಡು, ಹಿಂದೆ ನಾಲ್ಕು ಜನ ಕೋರಸ್ಸು, ಎಲ್ಲ ನೀಟಾಗಿ ಶ್ರುತಿಯಲ್ಲಿದೆ. ಸ್ಕೂಲ್ ಪ್ರೇಯರ್ ಥರ. ಒದೀರಿ, ಚರ್ಮ ಸುಲೀರಿ ಅನ್ನೋ ಮಾತನ್ನ ಯಾರಾದ್ರೂ ಹಿಂಗೆ ಹಾಡ್ತಾರಾ?

ನಾನು: ನೀನು ಕೇಳಿದ್ದು ಹಾಡಲ್ಲ, ಅದರ ಫೋಟೊ. ಅದೂ ಸ್ಟುಡಿಯೋದಲ್ಲಿ ಪೌಡರ್ ಹಾಕಿ ತೆಗೆಸಿದ್ದು.

ಅವಳು: ಎಲ್ಲ ಹಳಬರೂ ಹಿಂಗೇ ಹೇಳ್ತಾರೆ. ‘ನೀನು ಲೈವ್ ಕೇಳ್ಬೇಕಿತ್ತು’ ಅಂತ. ರಮೋನ್ಸ್ ಅಂತ ಒಂದು ಬ್ಯಾಂಡು. 1976ರ ಅವರ ಮೊದಲನೇ ಆಲ್ಬಮ್ಮಲ್ಲಿ 14 ಹಾಡು, ಎಲ್ಲ ಸೇರಿ 29 ನಿಮಿಷ. ಮೊದಲಿನ ನಾಲ್ಕೂ ಜನ ಸತ್ತಿದ್ದಾರೆ, ಕೊನೆಯವನು 2014ರಲ್ಲಿ. ಅವರನ್ನ ಲೈವ್ ಕೇಳೋದು ನನ್ನ ಹಣೇಲಿ ಬರೆದಿಲ್ಲ. ಆದ್ರೂ ಆ 29 ನಿಮಿಷ ಹಾಕಿದ್ರೆ ನನ್ನ ಕೂದಲು ನೆಟ್ಟಗಾಗುತ್ತೆ. ರೆಕಾರ್ಡಿಂಗಲ್ಲೇ ಇದೆ ಅದು. ಇಲ್ಲಿ ಫೆಸ್ಟಿವಲ್ ಸಿಟಿ ಮಾಲಲ್ಲಿ ಅವರ ಹೆಸರಿರೋ ಟೀ ಶರ್ಟ್ ಹಾಕ್ಕೊಂಡು ಓಡಾಡ್ತಾವೆ ಮಕ್ಕಳು, ಒಂದು ಹಾಡು ಕೇಳಿರಲ್ಲ, ಅದು ಬೇರೆ ವಿಷಯ.

ನಾನು: ಅವರ ಹತ್ರ ರೆಕಾರ್ಡ್ ಮಾಡೋಕೆ ಯಾರೋ ದುಡ್ಡು ಹಾಕಿದ್ರು ಕಣಮ್ಮ. ನಮ್ಮ ಹತ್ರ ಇದ್ದದ್ದು ಸೈಕ್ಲೋಸ್ಟೈಲ್ ಮಾಡಿದ ಹಾಡಿನ ಹಾಳೆ. ಅದೂ ಬೆವರಿಗೆ ಅಳಿಸಿ ಹೋಗ್ತಿತ್ತು. ಧಾಟಿ ಬಾಯಿಂದ ಬಾಯಿಗೆ. ಕೋಲಾರದಲ್ಲಿ ಒಂದು ಧಾಟಿ, ಮೈಸೂರಲ್ಲಿ ಜನಾರ್ದನ ಜನ್ನಿ ಹಾಡಿದ್ರೆ ಇನ್ನೊಂದು ಥರ, ನಮ್ಮ ಪಿಚ್ಚಳ್ಳಿ ಶ್ರೀನಿವಾಸ್ ಹಿಡಿದ್ರೆ ಮತ್ತೊಂದು. ಸಿದ್ದಲಿಂಗಯ್ಯ ಬರೆದು ಬಿಟ್ಟಿದ್ದರು, ರಾಗ ಹಾಕಿದ್ದು ಊರು.

ಅವಳು: ತಮಟೆ?

ನಾನು: ತಮಟೇನ ಸುಮ್ಮನೆ ಎತ್ತಿಕೊಂಡು ಬಡಿಯೋಕಾಗಲ್ಲ. ಚರ್ಮ ತಣ್ಣಗಿದ್ರೆ ‘ದಬ್ಬ್’ ಅಂತ ಸತ್ತ ಸದ್ದು ಬರುತ್ತೆ. ಹಾಡೋಕೆ ಮುಂಚೆ ಹುಲ್ಲು, ಪೇಪರು ಏನು ಸಿಗುತ್ತೋ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಅದರ ಮೇಲೆ ತಮಟೆ ತಿರುಗಿಸ್ತಾ ಕಾಯಿಸ್ಬೇಕು. ಬೆರಳಲ್ಲಿ ಚಿಟಿಕೆ ಹೊಡೆದು ನೋಡ್ಬೇಕು. ‘ಟಣ್’ ಅಂದ್ರೆ ಸರಿ. ಒಂದು ಕೈಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದ ಬಿದಿರು ಸೀಳು. ಬೆಂಕಿ ಹಚ್ಚಿದ ತಕ್ಷಣ ಮೇಲಿನ ಬೀದಿಯಲ್ಲಿ ಬಾಗಿಲು ಮುಚ್ಚೋ ಸದ್ದು ಕೇಳ್ತಿತ್ತು. ಹಾಡು ಶುರುವಾಗಿರ್ತಿರಲಿಲ್ಲ ಇನ್ನೂ. ಹಾಡಿನ ಅರ್ಧ ಅಲ್ಲೇ ಆಗಿಹೋಗ್ತಿತ್ತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಪ್ಪಿನ ತಳದಲ್ಲಿ ಉಳಿದ ಏಲಕ್ಕಿ ಸಿಪ್ಪೆಯನ್ನು ಬೆರಳಲ್ಲಿ ತೆಗೆದಳು. ಆಮೇಲೆ ಫೋನಿನಲ್ಲಿ ಏನೋ ನೋಡಿ ನಕ್ಕಳು.

ಅವಳು: ಒಂದು ತಮಾಷೆ ಗೊತ್ತಾ? ಸೆಕ್ಸ್ ಪಿಸ್ಟಲ್ಸ್ ಲಂಡನ್ನಿನ ಒಂದು ಆರ್ಟ್ ಕಾಲೇಜಲ್ಲಿ ಮೊದಲ ಸಲ ಸ್ಟೇಜ್ ಹತ್ತಿದ್ದು 1975ರ ನವೆಂಬರಲ್ಲಿ. ಕೆಲವೇ ಹಾಡಿಗೆ ಕರೆಂಟ್ ಕಿತ್ತರಂತೆ. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪುಸ್ತಕ ಬಂದಿದ್ದೂ 1975.

ನಾನು: ಅವರು ಅಂಗಿಗೆ ಪಿನ್ನು ಚುಚ್ಚಿಕೊಳ್ತಿದ್ರಲ್ಲ, ಫೋಟೊ ನೋಡಿದ್ದೀನಿ. ನಾವೂ ಚುಚ್ಚಿಕೊಳ್ತಿದ್ವಿ. ಗುಂಡಿ ಇರ್ತಿರಲಿಲ್ಲ.

ಅವಳು: ಅಯ್ಯೋ ದೊಡ್ಡಪ್ಪ!

ನಾನು: ನಗು, ನಗು. ಆದರೆ ಕರೆಂಟ್ ಕೀಳೋ ಕತೆ ನಮ್ಮಲ್ಲಿ ಇನ್ನೂ ಎರಡು ವರ್ಷ ಮುಂಚೇನೇ ನಡೆದಿತ್ತು. 1973ರ ನವೆಂಬರಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಬಸವಲಿಂಗಪ್ಪನವರು, ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದುಬಿಟ್ಟರು. ದನಕ್ಕೆ ಹಾಕೋ ಬೂಸಾ. ಊರಿಗೆ ಊರೇ ಹತ್ತಿಕೊಳ್ತು. ದಲಿತ ಹುಡುಗರಿಗೆ ಹಾಸ್ಟೆಲುಗಳಲ್ಲಿ ಏಟು ಬಿತ್ತು. ಅವರು ರಾಜೀನಾಮೆ ಕೊಡಬೇಕಾಯ್ತು. ಒಂದು ಪದಕ್ಕೆ! ಆ ಏಟು ತಿಂದ ತಲೆಮಾರು ಬರೆದದ್ದು, ಹಾಡಿದ್ದು ಇದು. ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ, ಅದೇ ವರ್ಷ ‘ಸಮುದಾಯ’ ತಂಡದ ಜಾಥಾ, ಎಲ್ಲ ಅದರ ಹಿಂದೆಹಿಂದೆಯೇ. ನಾನು ಬಂದದ್ದು ಬಾಲದಲ್ಲಿ. 1983ರ ಹೊತ್ತಿಗೆ ಹಾಡು ಆಗಲೇ ಹಳೇದಾಯ್ತು ಅಂದುಕೊಳ್ಳೋರಿದ್ರು.

ಅವಳು: ನೋಡಿ, ನೀವೇ ಹೇಳಿದ್ರಿ. ಆಮೇಲೆ ಏನಾಯ್ತು? ಒದೀರಿ ಅಂದ ಸಿದ್ದಲಿಂಗಯ್ಯನವರೇ ಎಂಎಲ್‌ಸಿ ಆದ್ರು. ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ್ರು, ಶ್ರವಣಬೆಳಗೊಳದಲ್ಲಿ, 2015ರಲ್ಲಿ. ತೀರಿಕೊಂಡ ಮೇಲೆ ಪದ್ಮಶ್ರೀ. ‘ಬಾ ನಲ್ಲೆ ಮಧುಚಂದ್ರಕೆ’ ಸಿನಿಮಾದ ಆ ಬೆಟ್ಟ, ಬೆಳದಿಂಗಳ ಹಾಡು ಬರೆದಿದ್ದೂ ಅವರೇ ಅಂತ ಗೊತ್ತಾದಾಗ ನನಗೆ ಜೋರು ನಗು. ಅಮ್ಮನ ಫೇವರಿಟ್ ಅದು. ನಮ್ಮ ಕಡೆ ಇದಕ್ಕೆ ‘ಸೆಲ್ಲೌಟ್’ ಅಂತಾರೆ. ಪಿಸ್ಟಲ್ಸಿನ ಹಾಡುಗಾರ ಜಾನ್ ಲೈಡನ್ 2008ರಲ್ಲಿ ಟೀವಿಲಿ ಬೆಣ್ಣೆ ಜಾಹೀರಾತಿಗೆ ಬಂದ.

ನಾನು: ಬೆಣ್ಣೆನಾ?

ಅವಳು: ಬೆಣ್ಣೆ. ಸೂಟು ಹಾಕ್ಕೊಂಡು. ಇನ್ನೂ ಒಂದಿದೆ. ಪಿಸ್ಟಲ್ಸಿನ ಮೊದಲ ರೆಕಾರ್ಡಿಗೆ 40 ವರ್ಷ ಅಂತ 2016ರಲ್ಲಿ ಲಂಡನ್ನಲ್ಲಿ ಹಬ್ಬ, ಮ್ಯೂಸಿಯಂ, ಸರ್ಕಾರಿ ದುಡ್ಡು. ಅವರ ಮ್ಯಾನೇಜರಾಗಿದ್ದವನ ಮಗ ಸಿಟ್ಟಾಗಿ, ತನ್ನ ಹತ್ರ ಇದ್ದ ಪಂಕ್ ಬಟ್ಟೆ, ರೆಕಾರ್ಡು ಎಲ್ಲ ದೋಣಿಗೆ ತುಂಬಿ ಥೇಮ್ಸ್ ನದಿ ಮಧ್ಯ ಬೆಂಕಿ ಇಟ್ಟ. 50 ಲಕ್ಷ ಪೌಂಡಿನ ಮಾಲು ಅಂತ ಅವನ ಲೆಕ್ಕ.

ನಾನು: ಸುಡೋಕೆ 50 ಲಕ್ಷದ ಮಾಲು ಇದ್ದವನು ಸುಡ್ತಾನೆ. ಸಿದ್ದಲಿಂಗಯ್ಯನವರ ‘ಊರುಕೇರಿ’ ಓದಿದ್ದೀಯಾ? ಮಂಚನಬೆಲೆಯಲ್ಲಿ ಸಣ್ಣ ಹುಡುಗನಾಗಿದ್ದಾಗ ನೋಡಿದ್ದು. ಹೊಲದಲ್ಲಿ ಎತ್ತಿನ ಬದಲು ಇಬ್ಬರು ಗಂಡಸರು ಹೆಗಲಿಗೆ ನೊಗ ಹೊತ್ತಿದ್ದಾರೆ, ಹಿಂದಿನಿಂದ ಒಬ್ಬ ಉಳ್ತಿದ್ದಾನೆ. ಆ ಇಬ್ಬರಲ್ಲಿ ಒಬ್ಬರು ಅವರಪ್ಪ. ಆಮೇಲೆ ಬೆಂಗಳೂರಿನ ಶ್ರೀರಾಂಪುರದ ಕೊಳೆಗೇರಿ, ಓದೋಕೆ ಜಾಗ ಇಲ್ಲದೆ ಸ್ಮಶಾನ. ಅಂಥ ಮನುಷ್ಯ ವಿಧಾನಸೌಧಕ್ಕೆ ಹೋದರೆ ಮಾರಿಕೊಂಡ ಅನ್ನೋಕೆ ನನಗೆ ನಾಲಗೆ ಏಳಲ್ಲ. ಆವಾಗ ನಾವೂ ಅಂದಿದ್ವಿ, ಸುಳ್ಳೇಕೆ? ಹಿಂದೆ ಕೂತು ಗೊಣಗಿದ್ವಿ. ಅವರು ಎದುರಿಗೆ ಬಂದು ನಮ್ಮನ್ನೇ ನಗಿಸಿ ಹೋದರು. ಆ ಹಾಸ್ಯ ಇತ್ತಲ್ಲ, ಅದು ನಿಮ್ಮ ಪಂಕಿನವರಲ್ಲಿ ಇದೆಯೋ ಇಲ್ಲವೋ ನಾನರಿಯೆ.

ಅವಳು: ಇದೆ. ಪಾಲಿ ಸ್ಟೈರೀನ್ ಅಂತ ಒಬ್ಬಳಿದ್ದಳು. ಅಪ್ಪ ಸೊಮಾಲಿಯದವನು, ಅಮ್ಮ ಬ್ರಿಟನ್ನಿನವಳು. ಹಲ್ಲಿಗೆ ಕ್ಲಿಪ್ಪು ಹಾಕ್ಕೊಂಡೇ ಸ್ಟೇಜ್ ಹತ್ತೋಳು. ಅವಳಿಗೋಸ್ಕರ ನಾನು ಈ ಸಂಗೀತಕ್ಕೆ ಬಿದ್ದಿದ್ದು. ಅದೇ ನೋಡಿ ನನ್ನ ಎರಡನೇ ತಕರಾರು. ನಿಮ್ಮ ಹಾಡಲ್ಲಿ ಬೈಯೋದೆಲ್ಲ ಯಾರಿಗೆ? ಗೌಡನಿಗೆ ಬೈದ್ರೂ ಆ ಬೈಗುಳ ಹೋಗಿ ಬೀಳೋದು ಗೌಡನ ಅಮ್ಮನ ಮೇಲೆ.

ನಾನು: ಅದು ಆಡುಮಾತು ಕಣಮ್ಮ, ಯಾರೂ ಅರ್ಥ ಹಿಡಿದು ಅಂತಿರಲಿಲ್ಲ.

ಅವಳು: ಅರ್ಥ ಹಿಡೀದೇ ಅಂದಿದ್ದೇ ಕಷ್ಟ. ನಿಮ್ಮ ತಂಡದಲ್ಲಿ ಎಷ್ಟು ಹೆಂಗಸರಿದ್ರು?

ನಾನು: ಊಟ ಹಾಕೋರು ಹೆಂಗಸರೇ.

ಅವಳು: ನೋಡಿ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ದು. ಸರಸ್ವತಿಯವರ ‘ಸಣ್ತಿಮ್ಮಿ ರಾಮಾಯಣ’ವನ್ನು ನೋಡು, ಒಬ್ಬಳೇ ಹೆಂಗಸು ವೇದಿಕೆಯ ಮೇಲೆ ರಾಮಾಯಣವನ್ನೇ ಕೇರಿಯ ಮಾತಿಗೆ ತಂದು ನಿಲ್ಲಿಸುತ್ತಾರೆ ಎಂದೆ. ನಮ್ಮ ತಲೆಮಾರಿನ ಪರವಾಗಿ ಅವರ ಹೆಸರು ಹೇಳಿಕೊಳ್ಳುವುದು ಎಷ್ಟು ಸರಿ ಎಂದು ಹೇಳುವಾಗಲೇ ಅನ್ನಿಸಿತು.

ಅವಳು: ಮೂರನೇದು ಹೇಳಿಬಿಡ್ಲಾ? ಇದೇ ಅಸಲಿ ವಿಷಯ.

ನಾನು: ಹೇಳು.

ಅವಳು: ಇಲ್ಲಿದ್ದಾಗ ನಮಗೆ ಜಾತಿ ಅಂದ್ರೆ ಗೊತ್ತಿರಲಿಲ್ಲ. ಅಪ್ಪ ಹೇಳಲಿಲ್ಲ, ನೀವೂ ಹೇಳಲಿಲ್ಲ. ಇಲ್ಲಿ ಎಲ್ಲ ‘ಇಂಡಿಯನ್ಸ್’. ಕರ್ನಾಟಕ ಸಂಘದ ರಾಜ್ಯೋತ್ಸವಕ್ಕೆ ಸೀರೆ ಉಟ್ಟು ಹೋಗಿ ನಾಡಗೀತೆ ಹಾಡ್ತಿದ್ದೆ. ಬೆಂಗಳೂರಿಗೆ ಹೋದ ಮೇಲೆ ಒಂದು ಮನೇಲಿ ಪೇಯಿಂಗ್ ಗೆಸ್ಟ್ ಆಗಿದ್ದೆನಲ್ಲ, ಎರಡನೇ ವಾರ ಆಂಟಿ ‘ನಿಮ್ಮದು ಕೋಲಾರದಲ್ಲಿ ಯಾವ ಕಡೆ, ನೀವು ಏನು’ ಅಂದ್ರು. ಏನು ಅಂದ್ರೆ ಏನು ಅಂತ ನನಗೆ ಗೊತ್ತಾಗಲಿಲ್ಲ. ಅಪ್ಪಂಗೆ ಫೋನ್ ಮಾಡಿ ಕೇಳಿದೆ. ಫೋನಲ್ಲಿ ಗೊತ್ತಾಯ್ತು ನಾವು ಏನು ಅಂತ. ಮುಂದಿನ ತಿಂಗಳಿಂದ ಆಂಟಿ ನನಗೆ ಸ್ಟೀಲ್ ಲೋಟದ ಬದಲು ಪೇಪರ್ ಕಪ್ಪಲ್ಲಿ ಕಾಫಿ. ‘ತೊಳೆಯೋ ಕಷ್ಟ ಬೇಡ ಪುಟ್ಟ’ ಅಂತ ನಗ್ತಾ ನಗ್ತಾ. ಅವತ್ತು ರಾತ್ರಿ ನಾನು ಈ ಹಾಡು ಹುಡುಕಿದ್ದು. ಸಿಟ್ಟು ಬರ್ಲಿ ಅಂತಲೇ ಹುಡುಕಿದ್ದು. ಬರಲಿಲ್ಲ.

ನಾನು: …

ಅವಳು: ಯಾಕೆ ಅಂದ್ರೆ ನಿಮ್ಮ ಹಾಡುಗಳಲ್ಲಿ ಒಬ್ಬ ಇದ್ದಾನೆ ದೊಡ್ಡಪ್ಪ. ಮೀಸೆ ಇರೋನು. ಗುಡಿ ಬಾಗಿಲು ಮುಚ್ಚೋನು, ಜೀತಕ್ಕೆ ಇಟ್ಟುಕೊಳ್ಳೋನು. ಒದೀಬೇಕು ಅಂದ್ರೆ ಕಾಲಿಗೆ ಸಿಗ್ತಾನೆ. ನನಗೆ ಸಿಕ್ಕಿದ್ದು ಪೇಪರ್ ಕಪ್ಪು. ಅದೂ ಏಲಕ್ಕಿ ಹಾಕಿದ ಒಳ್ಳೇ ಕಾಫಿ. ಯಾರನ್ನ ಒದೀಲಿ?

ನನ್ನ ಕೈಯಲ್ಲೂ ಪೇಪರ್ ಕಪ್ಪೇ ಇತ್ತು. ಕೆಳಗಿಟ್ಟೆ. ಎದುರಿಗೆ ಗೋಪುರದ ಗೋಡೆಯ ಮೇಲೆ ದೀಪ ಹತ್ತಿತು. ಮಾತು ಬದಲಿಸಲೆಂದೇ ಅದರ ಕಡೆ ಕೈ ತೋರಿಸಿದೆ.

ನಾನು: ಅದು ಯಾಕೆ ಕಟ್ಟಿದ್ದು ಗೊತ್ತಾ?

ಅವಳು: ಸ್ಕೂಲ್ ಟ್ರಿಪ್ಪಲ್ಲಿ ಬಂದಿದ್ವಿ. ಮುತ್ತು ತೆಗೆಯೋ ದೋಣಿಗಳನ್ನ ಕಾಯೋಕೆ. ಚಂದ್ರನ್ನ ನೋಡೋಕೆ.

ನಾನು: ಆ ದೋಣಿಗಳಲ್ಲಿ ಹಾಡೋಕೆ ಅಂತಲೇ ಒಬ್ಬನನ್ನ ಇಟ್ಟುಕೊಳ್ತಿದ್ರು, ‘ನಹ್ಹಾಮ್’ ಅಂತ. ಅವನು ಎತ್ತಿಕೊಂಡರೆ ಹಗ್ಗ ಎಳೆಯೋರು ಗಂಟಲ ಆಳದಿಂದ ಗುಂಯ್ ಅಂತ ಸೇರೋರು. ಮುಳುಗೋರೆಲ್ಲ ನಖೂದನ ಹತ್ರ, ಅಂದ್ರೆ ದೋಣಿ ಯಜಮಾನನ ಹತ್ರ, ಮುಂಗಡ ಸಾಲ ತಗೊಂಡೋರು. ಅಪ್ಪ ಸತ್ತರೆ ಸಾಲ ಮಗನ ತಲೆಗೆ. ನಮ್ಮ ಜೀತ ಇದ್ದಂಗೆ. ಜಪಾನಿನವರ ಸಾಕುಮುತ್ತು ಮಾರ್ಕೆಟ್ಟಿಗೆ ಬಂತು, 1930ರ ದಶಕದಲ್ಲಿ ಇಲ್ಲಿಯ ಕಸುಬು ಮುಳುಗಿತು. ಹಾಡು ಉಳೀತು. ಬಹರೇನಿನವರ ಆ ‘ಫಿಜಿರಿ’ಗೆ 2021ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ತು. ಇಲ್ಲೇ ಉಮ್ಮ್ ಸಲಾಲಿನ ದರ್ಬ್ ಅಲ್ ಸಾಯಿಯಲ್ಲಿ ನ್ಯಾಷನಲ್ ಡೇಗೆ ಎಂಥ ಜನ ಸೇರ್ತಾರೆ ನೋಡ್ತೀಯಲ್ಲ. ಅಂಥ ಕಡೆ ಬಿಳೀ ಬಟ್ಟೆ ಹಾಕಿ ಸಾಲಾಗಿ ಕೂತು ಹಾಡೋರನ್ನ ಕೇಳು. ಚೆನ್ನಾಗಿರುತ್ತೆ. ಆದ್ರೆ ಹಗ್ಗ ಇಲ್ಲ, ಉಪ್ಪುನೀರು ಇಲ್ಲ, ಸಾಲ ಇಲ್ಲ. ನೀನು ಯೂಟ್ಯೂಬಲ್ಲಿ ಕೇಳಿದ್ದು ಅದನ್ನೇ.

ಅವಳು: ಸಾಲ ಹೋಗಿದ್ದು ಒಳ್ಳೇದಲ್ವಾ? ಹಾಡು ಸತ್ತರೆ ಸಾಯ್ಲಿ.

ನಾನು: ಎಲ್ಲರದೂ ಹೋಗಿದ್ರೆ ಸಾಯ್ಲಿ ಅಂತಿದ್ದೆ.

ಅವಳು: ಅಂದ್ರೆ?

ನಾನು: 2021ರ ಜೂನ್ 11, ಸಿದ್ದಲಿಂಗಯ್ಯನವರು ಕೋವಿಡ್‌ನಿಂದ ಹೋದ ದಿನ. ಶುಕ್ರವಾರ. ನಾನು ರೂಮಲ್ಲಿ ಫೋನ್ ನೋಡ್ತಾ ಒಬ್ಬನೇ ಕೂತಿದ್ದೆ. ಮಾರನೇ ದಿನ ಕೆಲಸ. ಈ ಶಮಾಲ್ ರೋಡ್ ಆಚೆ, ಇದೇ ಉಮ್ಮ್ ಸಲಾಲಲ್ಲೇ ವಿಲ್ಲಾ ಕೆಲಸ ನಡೀತಿತ್ತು, ನಾನು ಸ್ಟೋರ್ ನೋಡ್ಕೊಳ್ತಿದ್ದೆ. ಆ ವರ್ಷವೇ ಹೊಸ ಕಾನೂನು, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮೂರೂವರೆಯವರೆಗೆ ಬಿಸಿಲಲ್ಲಿ ದುಡಿಸೋ ಹಾಗಿಲ್ಲ. ಹುಡುಗರೆಲ್ಲ ಹಸಿರು ನೆಟ್ಟಿನ ಕೆಳಗೆ ಬಿದ್ದುಕೊಂಡಿದ್ರು. ರಾಯಚೂರು ಕಡೆಯ ಒಬ್ಬ ಹುಡುಗ, ಇಪ್ಪತ್ತನಾಲ್ಕೋ ಇಪ್ಪತ್ತೈದೋ, ಖಾಲಿ ಪೇಂಟ್ ಬಕೆಟ್ ಬೋರಲು ಹಾಕ್ಕೊಂಡ. ಒಂದು ಕೈಲಿ ಶಟರಿಂಗಿನ ಮರದ ತುಂಡು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಪೈಪಿನ ಸೀಳು. ಶುರು ಮಾಡಿದ.

ಅವಳು: ಇದೇ ಹಾಡಾ?

ನಾನು: ಇದೇ. ಪ್ಲಾಸ್ಟಿಕ್ ಬಕೆಟ್ಟಿಗೆ ಬೆಂಕಿ ಬೇಕಿಲ್ಲ, ಬಿಸಿಲೇ ಕಾಯಿಸಿತ್ತು. ನೇಪಾಳದೋರು, ಬಾಂಗ್ಲಾದೋರು, ಯಾರಿಗೂ ಒಂದಕ್ಷರ ಗೊತ್ತಿಲ್ಲ. ಮೊದಲು ತಲೆ ಎತ್ತಿದ್ರು, ಆಮೇಲೆ ಎದ್ದು ಕೂತ್ರು, ಆಮೇಲೆ ಚಪ್ಪಾಳೆ. ಅವರಿಗೆ ಆಗ ಎರಡು ತಿಂಗಳ ಸಂಬಳ ಬಂದಿರಲಿಲ್ಲ. ಹಾಡಲ್ಲಿ ಏನಿದೆ ಅಂತ ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಅವಳು: ನೀವು?

ನಾನು: ನಾನು ಸ್ಟೋರ್ ಬಾಗಿಲಲ್ಲಿ ನಿಂತಿದ್ದೆ. ಗೇಟಿನ ಹತ್ರ ಕಂಪನಿಯ ಗಾಡಿ ಬಂತು. ನಾನು ಹೋಗಿ ‘ಬಂದ್ ಕರೋ’ ಅಂದೆ. ಹಿಂದೀಲಿ. ಅವನು ಕೋಲು ಕೆಳಗಿಟ್ಟ. ನನ್ನ ಮುಖ ನೋಡಿ, ‘ಸಾರ್, ನೀವು ಕೋಲಾರದಾವ್ರಲ್ಲೇನ್ರಿ, ಈ ಹಾಡು ನಿಮಗ ಗೊತ್ತಿಲ್ಲೇನ್ರಿ?’ ಅಂದ.

ಅವಳು: ಏನಂದ್ರಿ?

ನಾನು: ಗೊತ್ತಿಲ್ಲ ಅಂದೆ.

ಗಾಡಿಯಲ್ಲಿ ಬಂದಿದ್ದವನು ನೀರಿನ ಕ್ಯಾನುಗಳನ್ನು ಇಳಿಸಿ ಹೋಗಿದ್ದ, ಅಷ್ಟೇ. ಅದನ್ನು ಅವಳಿಗೆ ಹೇಳಲಿಲ್ಲ. ಅವಳೂ ಏನೂ ಅನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಬಿದ್ದಿದ್ದ ಜಾಕೆಟ್ಟನ್ನು ಎಳೆದು ಹೊದ್ದುಕೊಂಡಳು, ಖಾಲಿ ಕಪ್ಪನ್ನು ಬೋರಲು ಹಾಕಿ ಮಂಡಿಯ ಮೇಲಿಟ್ಟುಕೊಂಡು ಎರಡು ಬೆರಳಲ್ಲಿ ಬಡಿಯತೊಡಗಿದಳು.

ಅವಳು: ಹುಡುಗ ಹೆಂಗೆ ಬಾರಿಸಿದ? ಹಿಂಗಾ?

ನಾನು: ಅಲ್ಲ. ಎರಡನೇ ಏಟು ತಡವಾಗಿ ಬೀಳಬೇಕು. ಬೀಳುತ್ತೋ ಇಲ್ಲವೋ ಅನ್ನಿಸ್ಬೇಕು.

ಅವಳು: ಹಿಂಗೆ?

ನಾನು: ಇನ್ನೂ ತಡ.

ಅವಳು: ಇಷ್ಟು ತಡ ಮಾಡಿದ್ರೆ ಹಾಡು ಬಿದ್ದು ಹೋಗುತ್ತೆ ದೊಡ್ಡಪ್ಪ. ಯಾವುದೋ ಒಂದು ಕೆಳಗಡೆ ಹಿಡ್ಕೊಂಡಿರ್ಬೇಕು. ನಿಮ್ಮಲ್ಲಿ ಬೇಸ್ ಇರಲಿಲ್ವಾ?

ನಾನು: ಇತ್ತು. ಕಾಲು. ಇಪ್ಪತ್ತು ಜನ ಬರಿಗಾಲಲ್ಲಿ ಒಟ್ಟಿಗೆ ನೆಲಕ್ಕೆ ಹಾಕ್ತಿದ್ವಿ.

ಅವಳು: ಎಲ್ಲಿ? ಮೊದಲನೇ ಏಟಿಗಾ, ಆ ತಡ ಆಗೋ ಏಟಿಗಾ?

ನಾನು: ಬಾಯಲ್ಲಿ ಹೇಳೋಕೆ ಬರಲ್ಲ ಅದು.

ಅವಳು: ಸರಿ, ಇಳೀರಿ.

ನಾನು: ಇಲ್ಲೇನಾ? ಜನ ಇದ್ದಾರೆ ಕಣೇ. ಮಂಡಿ ಬೇರೆ ನೋವು.

ಅವಳು ಆಗಲೇ ತನ್ನ ಕಡೆಯ ಬಾಗಿಲು ತೆಗೆದು ಬಗ್ಗಿ ಶೂ ಬಿಚ್ಚುತ್ತಿದ್ದಳು.